ಕಾರ್ಬೋಹೈಡ್ರೇಟ್ ಕಡಿಮೆ ಮಾಡುವುದೋ, ಕ್ಯಾಲೊರಿ ಲೆಕ್ಕ ಹಿಡಿಯುವುದೋ: ತೂಕ ಇಳಿಸಲು ಯಾವುದು ಹೊಂದೀತು?

ತುಂಗಾತೀರ:

ಎಲ್ಲರಿಗೂ ನಮಸ್ಕಾರ. ನನ್ನ ವಯಸ್ಸು ನಲವತ್ತು ದಾಟಿದೆ, ಊರು ಶಿವಮೊಗ್ಗ, ಮನೆಯಲ್ಲಿ ಸಸ್ಯಾಹಾರ. ತೂಕ ಎತ್ತರಕ್ಕೆ ಇರಬೇಕಾದುದಕ್ಕಿಂತ ಸಾಕಷ್ಟು ಹೆಚ್ಚಿದೆ. ಖಾಲಿ ಹೊಟ್ಟೆಯ ಸಕ್ಕರೆ ಅಂಶವೂ ಗಡಿಯಲ್ಲಿದೆ ಎಂದು ಕಳೆದ ತಪಾಸಣೆಯಲ್ಲಿ ಹೇಳಿದ್ದಾರೆ. ಆಸ್ಪತ್ರೆಯ ಡಯಟಿಷಿಯನ್ ದಿನಕ್ಕೆ 1400 ಕ್ಯಾಲೊರಿಯ ಪಟ್ಟಿಯೊಂದನ್ನು ಬರೆದುಕೊಟ್ಟಿದ್ದಾರೆ. ಅದರಲ್ಲಿ ಅನ್ನವೂ ಇದೆ, ಚಪಾತಿಯೂ ಇದೆ, ಎಲ್ಲವೂ ಅಳತೆಯಲ್ಲಿ. ಇತ್ತ ನನ್ನ ನಾದಿನಿ ಅನ್ನ, ಮುದ್ದೆ, ಚಪಾತಿ, ಹಣ್ಣು ಎಲ್ಲವನ್ನೂ ಬಿಟ್ಟು, ಪನೀರ್, ಬೆಣ್ಣೆ, ಬಾದಾಮಿ, ಸೊಪ್ಪುಗಳನ್ನು ಹೊಟ್ಟೆ ತುಂಬ ತಿನ್ನುತ್ತಾ ಬಹಳ ಬೇಗ ತೂಕ ಇಳಿಸಿದ್ದಾಳೆ. ಕ್ಯಾಲೊರಿ ಎಣಿಸುವುದೆಲ್ಲ ಹಳೆಯ ಕಾಲದ್ದು ಎನ್ನುವುದು ಅವಳ ಮಾತು.

ನನಗೆ ತಿಳಿಯಬೇಕಾದದ್ದು ಇಷ್ಟು. ಇವೆರಡೂ ನಿಜವಾಗಿ ಬೇರೆ ಬೇರೆ ದಾರಿಗಳೇ? ವರ್ಷ ಎರಡು ವರ್ಷ ಕಳೆದ ಮೇಲೆ ಯಾವುದು ಉಳಿಯುತ್ತದೆ? ಸಸ್ಯಾಹಾರಿಗಳ ಮನೆಯಲ್ಲಿ, ಎಲ್ಲರಿಗೂ ಒಂದೇ ಅಡುಗೆ ಆಗಬೇಕಾದ ಕಡೆ, ಕಾರ್ಬೋಹೈಡ್ರೇಟ್ ಕಡಿಮೆ ಮಾಡುವುದು ಸಾಧ್ಯವೇ? ನಮ್ಮ ಯಜಮಾನರಿಗೆ ಸಕ್ಕರೆ ಕಾಯಿಲೆಗೆ ಮಾತ್ರೆಗಳು ನಡೆಯುತ್ತಿವೆ, ನಾನು ಮಾಡಿದ್ದನ್ನೇ ಅವರೂ ಊಟ ಮಾಡುತ್ತಾರೆ. ಆದ್ದರಿಂದ ಅದನ್ನೂ ಗಮನದಲ್ಲಿಟ್ಟು ಹೇಳಿ. ಪುಡಿ, ಕಷಾಯ, ಪಾನೀಯಗಳ ಶಿಫಾರಸು ದಯವಿಟ್ಟು ಬೇಡ.


ಬಯಲುಸೀಮೆ:

ಮೇಡಂ, ತಮ್ಮ ನಾದಿನಿಯವರ ಅನುಭವ ನನ್ನದೂ ಹೌದು. ನಾನು ಮೊಟ್ಟೆ, ಕೋಳಿ ತಿನ್ನುವವನಾದ್ದರಿಂದ ನನಗೆ ಈ ಕ್ರಮ ಸುಲಭವಾಯಿತು. ಮೊದಲ ವಾರದಲ್ಲೇ ಪ್ಯಾಂಟು ಸಡಿಲವಾಗುತ್ತದೆ. ಅದಕ್ಕಿಂತ ದೊಡ್ಡ ಲಾಭವೆಂದರೆ ಹಸಿವು ಶಾಂತವಾಗುವುದು. ಈ ಮೊದಲು ಬೆಳಿಗ್ಗೆ ಚಿತ್ರಾನ್ನವನ್ನೋ ಅವಲಕ್ಕಿಯನ್ನೋ ತಿಂದು ಹೋದರೆ ಹನ್ನೊಂದು ಗಂಟೆಗೆ ಕೈ ನಡುಗುವಷ್ಟು ಹಸಿವಾಗುತ್ತಿತ್ತು. ಮೊಟ್ಟೆ, ಪಲ್ಯ, ಮೊಸರು ತಿಂದ ದಿನ ಮಧ್ಯಾಹ್ನ ಎರಡರವರೆಗೂ ಊಟದ ನೆನಪಾಗುವುದಿಲ್ಲ. ಕ್ಯಾಲೊರಿ ಪಟ್ಟಿ ಹಿಡಿದು ಅರೆಹೊಟ್ಟೆಯಲ್ಲಿ ಏಳುವ ಕಷ್ಟ ಇಲ್ಲಿಲ್ಲ. ಎಷ್ಟು ತಿಂದೆ ಎಂದು ಬರೆದಿಡಬೇಕಾಗಿಲ್ಲ, ಏನನ್ನು ತಿನ್ನಬಾರದು ಎಂಬುದೊಂದು ನೆನಪಿದ್ದರೆ ಸಾಕು. ದಿನವಿಡೀ ಹೊರಗೆ ತಿರುಗುವ ಕೆಲಸದವರಿಗೆ ಈ ಸರಳತೆ ಬಹಳ ಮುಖ್ಯ ಎಂಬುದು ನನ್ನ ಅಭಿಪ್ರಾಯ.

ಕಷ್ಟವಿರುವುದು ಮದುವೆ, ಜಾತ್ರೆ, ಹಬ್ಬಗಳಲ್ಲಿ. ಬಾಳೆ ಎಲೆಯ ಮುಂದೆ ಕುಳಿತು ಕೋಸಂಬರಿ, ಪಲ್ಯ ಎರಡನ್ನೇ ತಿಂದು ಎದ್ದರೆ ಬಡಿಸುವವರಿಗೂ ಬೇಸರ, ನಮಗೂ ಸಂಕೋಚ.


ಅಂಕಿಅಂಶ:

ತಮ್ಮ ಪ್ರಶ್ನೆಗೆ ಅತ್ಯಂತ ಹತ್ತಿರವಾದ ಅಧ್ಯಯನ ನಡೆದದ್ದು ಇಸ್ರೇಲಿನ ಡಿಮೋನಾ ಪಟ್ಟಣದಲ್ಲಿ, ಅಲ್ಲಿನ ಪರಮಾಣು ಸಂಶೋಧನಾ ಕೇಂದ್ರದ ನೌಕರರ ಮೇಲೆ. ಐರಿಸ್ ಶಾಯ್ ಮತ್ತು ಅವರ ತಂಡದವರು ಅದನ್ನು 2008ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಪ್ರಕಟಿಸಿದರು. 322 ಮಂದಿಯನ್ನು ಮೂರು ಗುಂಪು ಮಾಡಿದರು. ಮೊದಲನೆಯದು ಕೊಬ್ಬು ಕಡಿಮೆ ಇರುವ, ಕ್ಯಾಲೊರಿಗೆ ಮಿತಿ ಹಾಕಿದ ಊಟ: ಹೆಂಗಸರಿಗೆ ದಿನಕ್ಕೆ 1500, ಗಂಡಸರಿಗೆ 1800. ಎರಡನೆಯದು ಅದೇ ಮಿತಿಯೊಳಗಿನ ಮೆಡಿಟರೇನಿಯನ್ ಊಟ, ಅಂದರೆ ತರಕಾರಿ, ಆಲಿವ್ ಎಣ್ಣೆ, ಮೀನು ಹೆಚ್ಚಿರುವ ಊಟ. ಮೂರನೆಯದು ಕಾರ್ಬೋಹೈಡ್ರೇಟ್ ಕಡಿಮೆ ಇರುವ, ಕ್ಯಾಲೊರಿಗೆ ಯಾವ ಮಿತಿಯೂ ಇಲ್ಲದ ಊಟ; ಮೊದಲ ಎರಡು ತಿಂಗಳು ದಿನಕ್ಕೆ 20 ಗ್ರಾಂ ಕಾರ್ಬೋಹೈಡ್ರೇಟ್, ಆಮೇಲೆ ನಿಧಾನವಾಗಿ ಹೆಚ್ಚೆಂದರೆ 120 ಗ್ರಾಂವರೆಗೆ. ಎರಡು ವರ್ಷ ಮುಗಿದಾಗ ಸರಾಸರಿ ಇಳಿಕೆ ಕ್ರಮವಾಗಿ 2.9, 4.4 ಮತ್ತು 4.7 ಕಿಲೋ.

ಇಷ್ಟನ್ನೇ ಓದಿದವರು ಮೂರನೆಯದು ಗೆದ್ದಿತೆಂದು ಬಿಟ್ಟುಬಿಡುತ್ತಾರೆ. ಆದರೆ ಅದೇ ವರದಿಯಲ್ಲಿ ಇನ್ನೆರಡು ಸಂಗತಿಗಳಿವೆ. ಮಿತಿಯೇ ಹೇಳದಿದ್ದ ಮೂರನೆಯ ಗುಂಪಿನವರೂ ಉಳಿದವರಷ್ಟೇ ಕ್ಯಾಲೊರಿ ಕಡಿಮೆ ಮಾಡಿದ್ದರು, ಯಾರೂ ಎಣಿಸಿ ಎನ್ನದಿದ್ದರೂ. ಬಯಲುಸೀಮೆಯವರು ಹೇಳಿದ ಆ ಶಾಂತವಾದ ಹಸಿವು ಇಲ್ಲಿ ಕೆಲಸ ಮಾಡಿರಬೇಕು. ಇನ್ನೊಂದು ಸಂಗತಿ ನಮ್ಮಂಥವರಿಗೆ ಮುಖ್ಯವಾದದ್ದು: ಆ ಗುಂಪಿಗೆ ಕೊಬ್ಬು ಮತ್ತು ಪ್ರೋಟೀನನ್ನು ಸಸ್ಯಮೂಲದಿಂದಲೇ ಆರಿಸಿಕೊಳ್ಳಲು ಸಲಹೆ ಕೊಟ್ಟಿದ್ದರು. ಆದ್ದರಿಂದ ಮಾಂಸ ತಿನ್ನದವರಿಗೆ ಈ ದಾರಿ ಮುಚ್ಚಿದೆ ಎನ್ನಲಾಗದು. ಕೆನಡಾದ ಟೊರೊಂಟೊದಲ್ಲಿ ಡೇವಿಡ್ ಜೆಂಕಿನ್ಸ್ ಅವರ ತಂಡ ಸೋಯಾ, ಬೇಳೆಕಾಳು, ಬೀಜಗಳನ್ನೇ ನೆಚ್ಚಿದ, ಹಾಲು ಕೂಡ ಇಲ್ಲದ ಕಡಿಮೆ ಕಾರ್ಬೋಹೈಡ್ರೇಟ್ ಊಟವನ್ನು ಆರು ತಿಂಗಳ ಕಾಲ ಪರೀಕ್ಷಿಸಿ 2014ರಲ್ಲಿ ವರದಿ ಮಾಡಿತು. ಅಲ್ಲಿ ಇಳಿಕೆ 6.9 ಕಿಲೋ, ಹೋಲಿಕೆಗಿಟ್ಟ ಹೆಚ್ಚು ಕಾರ್ಬೋಹೈಡ್ರೇಟಿನ ಸಸ್ಯಾಹಾರದಲ್ಲಿ 5.8 ಕಿಲೋ.

ಕಾಲಾವಧಿಯ ಪ್ರಶ್ನೆಗೆ ಅಮೆರಿಕದ ಗ್ಯಾರಿ ಫಾಸ್ಟರ್ ಅವರ ಎರಡು ಅಧ್ಯಯನಗಳನ್ನು ಜೊತೆಯಾಗಿ ಓದಬೇಕು. 2003ರಲ್ಲಿ 63 ಮಂದಿಯ ಮೇಲೆ ನಡೆಸಿದ್ದರಲ್ಲಿ ಆರು ತಿಂಗಳಿಗೆ ಕಾರ್ಬೋಹೈಡ್ರೇಟ್ ಬಿಟ್ಟವರು ಸ್ಪಷ್ಟವಾಗಿ ಮುಂದಿದ್ದರು, ವರ್ಷ ತುಂಬುವಾಗ ಆ ಅಂತರ ಗಣನೆಗೆ ಬಾರದಷ್ಟು ಕುಗ್ಗಿತ್ತು. 2010ರಲ್ಲಿ 307 ಮಂದಿಯನ್ನು ಎರಡು ವರ್ಷ ಹಿಂಬಾಲಿಸಿದಾಗ, ಕಾರ್ಬೋಹೈಡ್ರೇಟ್ ಕಡಿತದವರಿಗೂ ಕ್ಯಾಲೊರಿ ಮಿತಿಯವರಿಗೂ ಇಳಿಕೆ ಸುಮಾರು 7 ಕಿಲೋ, ಎರಡೂ ಕಡೆ ಒಂದೇ.

ನಾದಿನಿಯವರ ಆರಂಭದ ವೇಗಕ್ಕೆ ಒಂದು ಸರಳ ಕಾರಣವಿದೆ. ನಮ್ಮ ಯಕೃತ್ತು ಮತ್ತು ಸ್ನಾಯುಗಳಲ್ಲಿ ಸುಮಾರು ಅರ್ಧ ಕಿಲೋದಷ್ಟು ಗ್ಲೈಕೋಜನ್, ಅಂದರೆ ದೇಹ ಕೂಡಿಟ್ಟ ಸಕ್ಕರೆಯ ಸಂಗ್ರಹವಿರುತ್ತದೆ, ಪ್ರತಿ ಗ್ರಾಂ ಗ್ಲೈಕೋಜನ್ ತನ್ನೊಂದಿಗೆ ಸುಮಾರು ಮೂರು ಗ್ರಾಂ ನೀರನ್ನು ಹಿಡಿದಿಟ್ಟುಕೊಂಡಿರುತ್ತದೆ. ಕಾರ್ಬೋಹೈಡ್ರೇಟ್ ನಿಲ್ಲಿಸಿದಾಗ ಆ ಸಂಗ್ರಹ ಬರಿದಾಗಿ ನೀರೂ ಹೊರಟುಹೋಗುತ್ತದೆ. ತಕ್ಕಡಿ ಒಂದೂವರೆ ಎರಡು ಕಿಲೋ ಕಡಿಮೆ ತೋರಿಸುತ್ತದೆ, ಆದರೆ ಅಷ್ಟೂ ಕೊಬ್ಬಲ್ಲ. ಹಬ್ಬದ ದಿನ ಹೋಳಿಗೆ ತಿಂದ ಮರುದಿನ ಅದೇ ತೂಕ ಮರಳಿದಾಗ ಜನ ಹೆದರಿ ಪಥ್ಯವನ್ನೇ ಬಿಟ್ಟುಬಿಡುತ್ತಾರೆ. ಮರಳಿದ್ದು ಬಹುಪಾಲು ನೀರೆಂದು ತಿಳಿದಿದ್ದರೆ ಆ ಭಯ ಇರುವುದಿಲ್ಲ.


ಹೇಮಾವತಿ ನಾಲೆ:

ನಡುವೆ ಒಂದು ಸಂದೇಹ. ನಮ್ಮ ಕಡೆ ಎಲ್ಲರೂ ಅನ್ನ ಬಿಟ್ಟು ರಾಗಿ ಮುದ್ದೆಗೆ ಬನ್ನಿ, ಸಕ್ಕರೆಯೂ ಇಳಿಯುತ್ತದೆ, ತೂಕವೂ ಇಳಿಯುತ್ತದೆ ಎನ್ನುತ್ತಾರೆ. ಹಾಗಾದರೆ ರಾಗಿ ಕಡಿಮೆ ಕಾರ್ಬೋಹೈಡ್ರೇಟಿನ ಧಾನ್ಯವೆಂದು ತಿಳಿಯಬಹುದೇ?


ಆಹಾರ ಪಾಠ:

ನಾನು ಮೈಸೂರಿನಲ್ಲಿ ಆಹಾರ ತಜ್ಞೆಯಾಗಿ ಕೆಲಸ ಮಾಡುತ್ತೇನೆ. ಈ ರಾಗಿಯ ಪ್ರಶ್ನೆಯನ್ನು ನನ್ನ ಬಳಿ ಬರುವ ಬಹುತೇಕ ಎಲ್ಲರೂ ಕೇಳುತ್ತಾರಾದ್ದರಿಂದ ಸ್ವಲ್ಪ ವಿಸ್ತಾರವಾಗಿಯೇ ಉತ್ತರಿಸುತ್ತೇನೆ.

ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕತಾ ಸಂಸ್ಥೆ 2017ರಲ್ಲಿ ಹೊರತಂದ ಆಹಾರ ಸಂಯೋಜನೆಯ ಕೋಷ್ಟಕದ ಪ್ರಕಾರ 100 ಗ್ರಾಂ ಬಿಳಿ ಅಕ್ಕಿಯಲ್ಲಿ ಸುಮಾರು 78 ಗ್ರಾಂ ಕಾರ್ಬೋಹೈಡ್ರೇಟ್ ಇದ್ದರೆ, 100 ಗ್ರಾಂ ರಾಗಿಯಲ್ಲಿ ಸುಮಾರು 67 ಗ್ರಾಂ ಇದೆ. ಜೋಳವೂ ಹೆಚ್ಚುಕಡಿಮೆ ಅಷ್ಟೇ, ಗೋಧಿ ಹಿಟ್ಟು ಸುಮಾರು 64. ರಾಗಿಯಲ್ಲಿ ನಾರು 11 ಗ್ರಾಂ, ಕ್ಯಾಲ್ಸಿಯಂ 364 ಮಿಲಿಗ್ರಾಂ ಇರುವುದು ನಿಜಕ್ಕೂ ದೊಡ್ಡ ಗುಣ; ಅನ್ನಕ್ಕಿಂತ ಮುದ್ದೆ ಹೊಟ್ಟೆಯಲ್ಲಿ ಹೆಚ್ಚು ಹೊತ್ತು ನಿಲ್ಲುತ್ತದೆ ಎನ್ನುವುದೂ ಉಣ್ಣುವವರಿಗೆಲ್ಲ ಗೊತ್ತು. ಆದರೆ ಕೀಟೋ ಎನ್ನುವ ಕಟ್ಟುನಿಟ್ಟಿನ ಕ್ರಮದಲ್ಲಿ ಇಡೀ ದಿನಕ್ಕೆ ಇರುವ ಮಿತಿಯೇ ಸಾಮಾನ್ಯವಾಗಿ 50 ಗ್ರಾಂನ ಒಳಗೆ. ನೂರು ಗ್ರಾಂ ಹಿಟ್ಟಿನ ಒಂದು ಮುದ್ದೆ ಅದನ್ನು ಒಂದೇ ಊಟದಲ್ಲಿ ದಾಟಿಸುತ್ತದೆ. ಅನ್ನದ ಜಾಗದಲ್ಲಿ ಮುದ್ದೆಯನ್ನೋ ಚಪಾತಿಯನ್ನೋ ಇಟ್ಟು ಪ್ರಮಾಣವನ್ನು ಹಾಗೆಯೇ ಉಳಿಸಿಕೊಂಡರೆ ತೂಕದ ಮಟ್ಟಿಗೆ ವ್ಯತ್ಯಾಸ ಸಣ್ಣದು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಇಂಡಿಯಾಬ್ ಸಮೀಕ್ಷೆಯ ಆಹಾರ ವಿಶ್ಲೇಷಣೆ 2025ರಲ್ಲಿ ಪ್ರಕಟವಾಯಿತಲ್ಲ, ಅದು ಹೇಳಿದ್ದೂ ಇದನ್ನೇ: ನಮ್ಮ ದೇಶದವರ ದಿನದ ಶಕ್ತಿಯಲ್ಲಿ ಸುಮಾರು 62 ಶೇಕಡಾ ಕಾರ್ಬೋಹೈಡ್ರೇಟಿನಿಂದ ಬರುತ್ತಿದೆ, ಅಕ್ಕಿಯ ಬದಲು ಇಡೀ ಗೋಧಿ ಅಥವಾ ಸಿರಿಧಾನ್ಯದ ಹಿಟ್ಟು ಬಂದ ಮಾತ್ರಕ್ಕೆ ಮಧುಮೇಹದ ಅಪಾಯ ತಗ್ಗಿದಂತೆ ಕಾಣಲಿಲ್ಲ, ಕಾರ್ಬೋಹೈಡ್ರೇಟಿನ ಒಂದು ಪಾಲಿನ ಜಾಗಕ್ಕೆ ಬೇಳೆಕಾಳು, ಹಾಲು ಮೊಸರುಗಳ ಪ್ರೋಟೀನ್ ಬಂದಲ್ಲಿ ತಗ್ಗಿದಂತೆ ಕಂಡಿತು.

ಆದ್ದರಿಂದ ತುಂಗಾತೀರದವರೇ, ತಮ್ಮ ಮುಂದೆ ಇರುವ ಎರಡು ದಾರಿಗಳು ನಮ್ಮ ತಟ್ಟೆಯ ಮಟ್ಟಿಗೆ ಬೇರೆ ಬೇರೆಯಾಗಿ ಉಳಿಯಬೇಕಾಗಿಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ. ನಮ್ಮಲ್ಲಿ ಕಾರ್ಬೋಹೈಡ್ರೇಟ್ ಎಷ್ಟು ಹೆಚ್ಚಿದೆಯೆಂದರೆ, ಅದನ್ನು ಕೀಟೋ ಮಟ್ಟಕ್ಕೆ ಇಳಿಸದೆ, 62ರಿಂದ 45 ಶೇಕಡಾಕ್ಕೆ ತಂದರೂ ಅದು ದೊಡ್ಡ ಬದಲಾವಣೆಯೇ. 1400 ಕ್ಯಾಲೊರಿಯ ಪಟ್ಟಿಯಲ್ಲಿ 62 ಶೇಕಡಾ ಎಂದರೆ ಸುಮಾರು 217 ಗ್ರಾಂ. 45 ಶೇಕಡಾ ಎಂದರೆ 157 ಗ್ರಾಂ. ತೆರವಾದ ಜಾಗಕ್ಕೆ ಪ್ರೋಟೀನ್ ಬರಬೇಕು, ದಿನಕ್ಕೆ 70 ಗ್ರಾಂ ಎಂದು ಇಟ್ಟುಕೊಳ್ಳಿ. ಸಸ್ಯಾಹಾರದಲ್ಲಿ ಅಷ್ಟು ಎಲ್ಲಿಂದ ಬರುತ್ತದೆ ಎಂದು ಕೇಳುವವರಿಗೆ ನಾನು ತೋರಿಸುವ ಒಂದು ದಿನದ ಲೆಕ್ಕ ಹೀಗಿದೆ: ಹುಳಿಗೆ ಹಾಕುವ ತೊಗರಿಬೇಳೆಯಲ್ಲಿ ತಮ್ಮ ಪಾಲು 60 ಗ್ರಾಂ, ಅದರಿಂದ 13, ಬೆಳಿಗ್ಗೆ ಮೊಳಕೆ ಹೆಸರುಕಾಳಿನ ಉಸಲಿ, ಒಣಕಾಳಿನ ತೂಕದಲ್ಲಿ 50 ಗ್ರಾಂ, ಅದರಿಂದ 12, ಮೊಸರು ಮಜ್ಜಿಗೆ ಸೇರಿ 300 ಗ್ರಾಂ, ಅದರಿಂದ 9, ಪನೀರ್ 75 ಗ್ರಾಂ, ಅದರಿಂದ 14, ಪಲ್ಯಕ್ಕೆ ಬೆರೆಸುವ ಒಣ ಸೋಯಾ ತುಂಡು 25 ಗ್ರಾಂ, ಅದರಿಂದ 13, ಇಡೀ ದಿನಕ್ಕೆ 100 ಗ್ರಾಂ ರಾಗಿ ಹಿಟ್ಟು, ಅದರಿಂದ 7. ಇಷ್ಟಕ್ಕೆ ಸುಮಾರು 1150 ಕ್ಯಾಲೊರಿ ಆಗುತ್ತದೆ, ಕಾರ್ಬೋಹೈಡ್ರೇಟ್ 150 ಗ್ರಾಂನ ಆಸುಪಾಸಿನಲ್ಲಿ ನಿಲ್ಲುತ್ತದೆ. ಉಳಿದದ್ದು ಒಗ್ಗರಣೆಯ ಎಣ್ಣೆಗೆ, ತರಕಾರಿಗೆ, ಕಾಫಿಯ ಹಾಲಿಗೆ.

ಈ ಪಟ್ಟಿಯಲ್ಲಿ ಅನ್ನವಿಲ್ಲವೆಂದು ಬೇಸರ ಬೇಡ. ರಾಗಿಯ ಅರ್ಧವನ್ನು ಕಳೆದು 50 ಗ್ರಾಂ ಅಕ್ಕಿಯ ಅನ್ನ ಮಾಡಿಕೊಳ್ಳಬಹುದು.


ಸಾನ್ ಹೋಸೆ ಕನ್ನಡಿಗ:

ನಾನಿರುವ ಊರಿಗೆ ಹತ್ತಿರದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ನಡೆದ ಡಯಟ್‌ಫಿಟ್ಸ್ ಅಧ್ಯಯನವನ್ನು ಇಲ್ಲಿ ಸೇರಿಸಲೇಬೇಕು. ಕ್ರಿಸ್ಟೋಫರ್ ಗಾರ್ಡ್ನರ್ ಅವರ ನೇತೃತ್ವದಲ್ಲಿ 609 ಮಂದಿಯನ್ನು ಕೊಬ್ಬು ಕಡಿಮೆ ತಿನ್ನುವವರು, ಕಾರ್ಬೋಹೈಡ್ರೇಟ್ ಕಡಿಮೆ ತಿನ್ನುವವರು ಎಂದು ವಿಂಗಡಿಸಿ ಒಂದು ವರ್ಷ ನಡೆಸಿದರು. ಫಲಿತಾಂಶ 2018ರಲ್ಲಿ ಬಂತು. ಎರಡೂ ಗುಂಪಿಗೆ ಕ್ಯಾಲೊರಿಯ ಮಿತಿ ಹೇಳಲಿಲ್ಲ. ಸಕ್ಕರೆ, ಮೈದಾ, ಕಾರ್ಖಾನೆಯಲ್ಲಿ ಸಂಸ್ಕರಿಸಿದ ತಿಂಡಿಗಳನ್ನು ಬಿಡಿ, ತರಕಾರಿ ಹೆಚ್ಚು ತಿನ್ನಿ, ಮನೆಯಲ್ಲಿ ಅಡುಗೆ ಮಾಡಿ ಎಂದು ಇಬ್ಬರಿಗೂ ಹೇಳಿದರು. ವರ್ಷದ ಕೊನೆಗೆ ಇಳಿಕೆ ಒಂದು ಕಡೆ 5.3 ಕಿಲೋ, ಇನ್ನೊಂದು ಕಡೆ 6.0 ಕಿಲೋ, ಈ ವ್ಯತ್ಯಾಸ ಗಣನೀಯವಲ್ಲ.

ನನ್ನ ಮನಸ್ಸಿನಲ್ಲಿ ಉಳಿದದ್ದು ಸರಾಸರಿಯಲ್ಲ, ಅದರ ಹಿಂದಿನ ಹರಹು. ಎರಡೂ ಗುಂಪುಗಳಲ್ಲಿ ಇಪ್ಪತ್ತೈದು ಕಿಲೋಗೂ ಹೆಚ್ಚು ಇಳಿಸಿದವರಿದ್ದರು, ತೂಕ ಏರಿಸಿಕೊಂಡವರೂ ಇದ್ದರು. ಯಾರಿಗೆ ಯಾವುದು ಒಗ್ಗುತ್ತದೆಂದು ವಂಶವಾಹಿಯಿಂದಲೋ, ಇನ್ಸುಲಿನ್ ಸ್ರವಿಸುವ ಪ್ರಮಾಣದಿಂದಲೋ ಮೊದಲೇ ಹೇಳಬಹುದೇ ಎಂದು ಪರೀಕ್ಷಿಸಿದರು, ಹೇಳಲಾಗಲಿಲ್ಲ. ನಾದಿನಿಯವರಿಗೆ ಒಗ್ಗಿದ್ದು ತಮಗೆ ಒಗ್ಗಲೇಬೇಕೆಂದಿಲ್ಲ, ಒಗ್ಗದಿದ್ದರೆ ಅದು ತಮ್ಮ ಮನಸ್ಸಿನ ದೌರ್ಬಲ್ಯವೂ ಅಲ್ಲ. ಈ ಮಾತನ್ನು ನಾನು ಒತ್ತಿ ಹೇಳುತ್ತೇನೆ, ಏಕೆಂದರೆ ತೂಕದ ವಿಷಯದಲ್ಲಿ ನಮ್ಮವರು ಒಬ್ಬರನ್ನೊಬ್ಬರು ಹೋಲಿಸಿ ನೋಯಿಸುವಷ್ಟು ಬೇರೆ ಯಾವುದರಲ್ಲೂ ನೋಯಿಸುವುದಿಲ್ಲ.


ಬಯಲುಸೀಮೆ:

ಎಲ್ಲವೂ ಕೊನೆಗೆ ಕ್ಯಾಲೊರಿಯೇ ಎಂಬ ತೀರ್ಮಾನಕ್ಕೆ ನನ್ನ ಆಕ್ಷೇಪವಿದೆ. ಕಾರ್ಬೋಹೈಡ್ರೇಟ್ ಹೆಚ್ಚಾದರೆ ಇನ್ಸುಲಿನ್ ಹೆಚ್ಚುತ್ತದೆ, ಇನ್ಸುಲಿನ್ ಕೊಬ್ಬನ್ನು ಕೂಡಿಡುತ್ತದೆ; ಆದ್ದರಿಂದ ಒಂದೇ ಕ್ಯಾಲೊರಿಯಾದರೂ ಅನ್ನದಿಂದ ಬಂದದ್ದು ಬೇರೆ, ಬೆಣ್ಣೆಯಿಂದ ಬಂದದ್ದು ಬೇರೆ ಎಂದು ಹಾರ್ವರ್ಡ್‌ನ ಡೇವಿಡ್ ಲುಡ್ವಿಗ್ ಅವರಂಥ ವೈದ್ಯರೇ ವಾದಿಸುತ್ತಾರಲ್ಲ. 2018ರಲ್ಲಿ ಅವರ ತಂಡ 164 ಮಂದಿಯ ಮೇಲೆ ನಡೆಸಿದ ಅಧ್ಯಯನದಲ್ಲಿ, ತೂಕ ಇಳಿಸಿದ ನಂತರ ಕಡಿಮೆ ಕಾರ್ಬೋಹೈಡ್ರೇಟ್ ತಿಂದವರ ದೇಹ ದಿನಕ್ಕೆ ಸುಮಾರು 209 ಕ್ಯಾಲೊರಿ ಹೆಚ್ಚು ವ್ಯಯಿಸುತ್ತಿತ್ತೆಂದು ಬಂದಿದೆ.


ಅಂಕಿಅಂಶ:

ಆ ಅಧ್ಯಯನ ಗಂಭೀರವಾದದ್ದು, ತಳ್ಳಿಹಾಕುವಂಥದ್ದಲ್ಲ. ಆದರೆ ಅಲ್ಲಿ ಜನ ತಮ್ಮ ತಮ್ಮ ಮನೆಗಳಲ್ಲೇ ಇದ್ದು, ವಿಶೇಷ ನೀರು ಕುಡಿಸಿ ಮಾಡುವ ಪರೋಕ್ಷ ಅಳತೆಯಿಂದ ಶಕ್ತಿವ್ಯಯ ತಿಳಿದರು. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿ ಆಗ ಸಂಶೋಧಕರಾಗಿದ್ದ ಕೆವಿನ್ ಹಾಲ್ ಜನರನ್ನು ಸಂಸ್ಥೆಯೊಳಗೇ ಇರಿಸಿಕೊಂಡು, ತುತ್ತು ತುತ್ತನ್ನೂ ತೂಗಿ ಕೊಟ್ಟು ನೋಡಿದವರು. 2016ರಲ್ಲಿ ವರದಿಯಾದ 17 ಗಂಡಸರ ಪ್ರಯೋಗದಲ್ಲಿ ಕೀಟೋ ಊಟಕ್ಕೆ ಬದಲಾದ ಮೇಲೆ ಮುಚ್ಚಿದ ಕೋಣೆಯ ಅಳತೆಯಲ್ಲಿ ಶಕ್ತಿವ್ಯಯ ಹೆಚ್ಚಿದ್ದು ದಿನಕ್ಕೆ ಸುಮಾರು 57 ಕ್ಯಾಲೊರಿ ಮಾತ್ರ, ದೇಹದ ಕೊಬ್ಬು ಕರಗುವುದು ವೇಗ ಪಡೆಯಲಿಲ್ಲ. 2021ರಲ್ಲಿ ಅವರದೇ ಇನ್ನೊಂದು ಪ್ರಯೋಗದಲ್ಲಿ 20 ಮಂದಿಗೆ ಎರಡು ವಾರ ಕೊಬ್ಬು ತೀರ ಕಡಿಮೆಯಿರುವ ಸಸ್ಯಾಹಾರ, ಎರಡು ವಾರ ಕಾರ್ಬೋಹೈಡ್ರೇಟ್ ತೀರ ಕಡಿಮೆಯಿರುವ ಮಾಂಸಾಹಾರವನ್ನು ಬೇಕಾದಷ್ಟು ತಿನ್ನಿ ಎಂದು ಕೊಟ್ಟರು. ಸಸ್ಯಾಹಾರದ ಅವಧಿಯಲ್ಲಿ ಅವರು ದಿನಕ್ಕೆ ಸುಮಾರು 690 ಕ್ಯಾಲೊರಿ ಕಡಿಮೆ ತಿಂದರು, ಅವರ ಇನ್ಸುಲಿನ್ ಮಾತ್ರ ಹೆಚ್ಚಿಗೇ ಇತ್ತು. ಇನ್ಸುಲಿನ್ ಹೆಚ್ಚಿದರೆ ಹಸಿವು ಹೆಚ್ಚಿ ತೂಕ ಏರಲೇಬೇಕು ಎಂಬ ವಾದಕ್ಕೆ ಇದು ಹೊಂದುವುದಿಲ್ಲ.

ಆದರೂ ಬಯಲುಸೀಮೆಯವರ ಅನುಭವದಲ್ಲಿ ಸತ್ಯವಿದೆ. ಪ್ರೋಟೀನ್ ಜೀರ್ಣವಾಗುವಾಗ ಅದರದೇ ಶಕ್ತಿಯ ಐದನೆಯ ಒಂದು ಭಾಗಕ್ಕೂ ಮಿಕ್ಕಿ ಖರ್ಚಾಗುತ್ತದೆ, ಮೇಲಾಗಿ ಅದು ಹೊಟ್ಟೆ ತುಂಬಿದ ಭಾವವನ್ನು ಬೇಗ ಕೊಡುತ್ತದೆ. ಅನ್ನ ಬಿಟ್ಟ ಕೈ ಮೊಟ್ಟೆಯತ್ತ, ಕಾಳಿನತ್ತ ಹೋದರೆ ಪ್ರೋಟೀನ್ ತಾನಾಗಿಯೇ ಹೆಚ್ಚುತ್ತದೆ. ಬೆಣ್ಣೆಯತ್ತ, ತೆಂಗಿನಕಾಯಿಯತ್ತ, ಗೋಡಂಬಿಯತ್ತ ಮಾತ್ರ ಹೋದರೆ ಈ ಲಾಭ ಸಿಗುವುದಿಲ್ಲ.


ಕೂಡು ಕುಟುಂಬ:

ಅಧ್ಯಯನಗಳ ಮಾತಿನ ಮಧ್ಯೆ ಅಡುಗೆಮನೆಯಿಂದ ಒಂದೆರಡು ಮಾತು ಹೇಳುತ್ತೇನೆ. ಕ್ಯಾಲೊರಿ ಪಟ್ಟಿಯನ್ನು ಪಾಲಿಸುವುದರಲ್ಲಿ ಕಷ್ಟವಾಗುವುದು ಹಸಿವಿನಿಂದಷ್ಟೇ ಅಲ್ಲ, ಲೆಕ್ಕವೇ ಸಿಗದಿರುವುದರಿಂದ. ದೊಡ್ಡ ಪಾತ್ರೆಯಲ್ಲಿ ಕುದಿಯುವ ಸಾರಿನಲ್ಲಿ ನನ್ನ ಸೌಟಿಗೆ ಎಷ್ಟು ಬೇಳೆ ಬಂತು, ಎಣ್ಣೆಗಾಯಿಯಲ್ಲಿ ನನ್ನ ಬದನೆಕಾಯಿಯ ಜೊತೆ ಎಷ್ಟು ಎಣ್ಣೆ ಬಂತು ಎಂದು ಯಾವ ಮೊಬೈಲ್ ಆ್ಯಪ್ ಕೂಡ ಹೇಳಲಾರದು. ಆದ್ದರಿಂದ ನಾನು ಬಡಿಸಿದ್ದನ್ನು ಅಳೆಯುವುದನ್ನು ಬಿಟ್ಟು, ಡಬ್ಬಿಯಿಂದ ತೆಗೆಯುವುದನ್ನು ಅಳೆಯಲು ಆರಂಭಿಸಿದೆ. ಹಿಟ್ಟು, ಅಕ್ಕಿ, ಬೇಳೆಗಳನ್ನು ಪಾವಿನಲ್ಲಿ ಅಳೆದೇ ಅಡುಗೆ ಮಾಡುವುದು ನಮ್ಮ ಅತ್ತೆಯವರ ಕಾಲದಿಂದ ಇರುವ ರೂಢಿ, ಅದನ್ನೇ ಎಣ್ಣೆಗೂ ಹಿಡಿದೆ.

ಎಣ್ಣೆಯ ಲೆಕ್ಕ ತಿಳಿದಾಗ ನನಗೆ ಬಹಳ ಆಶ್ಚರ್ಯವಾಯಿತು. ಒಂದು ಲೀಟರ್ ಅಡುಗೆ ಎಣ್ಣೆಯಲ್ಲಿ ಸುಮಾರು 8200 ಕ್ಯಾಲೊರಿ ಇದೆ. ನಾಲ್ಕು ಜನರ ಮನೆಯಲ್ಲಿ ತಿಂಗಳಿಗೆ ನಾಲ್ಕು ಲೀಟರ್ ಖರ್ಚಾದರೆ ಒಬ್ಬೊಬ್ಬರಿಗೆ ದಿನಕ್ಕೆ 270 ಕ್ಯಾಲೊರಿಗೂ ಹೆಚ್ಚು ಎಣ್ಣೆಯೊಂದರಿಂದಲೇ ಬರುತ್ತದೆ. ಒಂದು ಲೀಟರ್ ಕಡಿಮೆ ಮಾಡಿದರೆ, ಯಾರ ತಟ್ಟೆಯಲ್ಲೂ ಒಂದು ತುತ್ತು ಕಡಿಮೆಯಾಗದೆ, ದಿನಕ್ಕೆ ಹೆಚ್ಚುಕಡಿಮೆ 70 ಕ್ಯಾಲೊರಿ ಇಳಿಯುತ್ತದೆ. ಎಲ್ಲರಿಗೂ ಒಂದೇ ಅಡುಗೆ ಎಂದಿರಲ್ಲ ಅಕ್ಕ, ಹೀಗೆ ಮಾಡಿದರೆ ಬೇರೆ ಒಲೆ ಹಚ್ಚಬೇಕಾಗಿಲ್ಲ. ಮುದ್ದೆಯ ಗಾತ್ರ, ಅನ್ನದ ಸೌಟು ಮಾತ್ರ ಅವರವರ ಅಗತ್ಯಕ್ಕೆ ತಕ್ಕಂತೆ. ಬಸ್ಸಾರಿನ ಕಾಳು, ಸೊಪ್ಪು, ಕೋಸಂಬರಿ ಎಲ್ಲರಿಗೂ ಧಾರಾಳವಾಗಿ. ಶಾಲೆಗೆ ಹೋಗುವ ಮಕ್ಕಳಿಗೆ ಅನ್ನ ಕಡಿಮೆ ಮಾಡಬೇಡಿ.


ವಾರ್ಡಿನ ಸಿಸ್ಟರ್:

ಸರ್ಕಾರಿ ಆಸ್ಪತ್ರೆಯಲ್ಲಿ ಶುಶ್ರೂಷಕಿಯಾಗಿದ್ದು ನಿವೃತ್ತಳಾದವಳು ನಾನು. ತುಂಗಾತೀರದವರು ಯಜಮಾನರ ಮಾತ್ರೆಗಳ ವಿಷಯ ಬರೆದಿದ್ದಾರೆ; ಇಷ್ಟು ಉತ್ತರಗಳಲ್ಲಿ ಯಾರೂ ಅದನ್ನು ಮುಟ್ಟಿಲ್ಲ, ನನ್ನ ಮಟ್ಟಿಗೆ ಇಡೀ ಚರ್ಚೆಯಲ್ಲಿ ಮೊದಲು ಬಗೆಹರಿಯಬೇಕಾದದ್ದು ಅದೇ.

ಗ್ಲಿಮೆಪಿರೈಡ್, ಗ್ಲಿಕ್ಲಜೈಡ್‌ನಂಥ ಮಾತ್ರೆಗಳು ಊಟ ಬಂದರೂ ಬಾರದಿದ್ದರೂ ಮೇದೋಜ್ಜೀರಕದಿಂದ ಇನ್ಸುಲಿನ್ ಹೊರಡಿಸುತ್ತವೆ. ಇವನ್ನು ನುಂಗುವವರು, ಇಲ್ಲವೇ ಇನ್ಸುಲಿನ್ ಚುಚ್ಚಿಕೊಳ್ಳುವವರು, ಮಾತ್ರೆಯ ಪ್ರಮಾಣ ಹಾಗೆಯೇ ಇಟ್ಟುಕೊಂಡು ಅನ್ನ ಮುದ್ದೆಯನ್ನು ತಟ್ಟನೆ ನಿಲ್ಲಿಸಿದರೆ ರಕ್ತದ ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿಯಬಹುದು: ಬೆವರು, ನಡುಕ, ತೊದಲುವಿಕೆ, ಕೆಲವೊಮ್ಮೆ ಪ್ರಜ್ಞೆ ತಪ್ಪುವುದು. ಡಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಎಂಬ ಈಚಿನ ಮಾತ್ರೆಗಳದು ಬೇರೆ ಬಗೆಯ ಅಪಾಯ. ಇವು ಮೂತ್ರದ ಮೂಲಕ ಸಕ್ಕರೆಯನ್ನು ಹೊರಹಾಕುತ್ತವೆ. ಜೊತೆಗೆ ಕೀಟೋ ಊಟವೂ ಸೇರಿದರೆ ರಕ್ತದಲ್ಲಿ, ಕೊಬ್ಬು ಕರಗುವಾಗ ಹುಟ್ಟುವ ಆಮ್ಲೀಯ ಕೀಟೋನ್‌ಗಳು ಏರಿ, ಗ್ಲೂಕೋಮೀಟರ್‌ನಲ್ಲಿ ಸಕ್ಕರೆ ಹೆಚ್ಚೇನೂ ಇಲ್ಲವೆಂದು ಕಾಣುತ್ತಿರುವಾಗಲೇ ರೋಗಿ ವಾಂತಿ, ಏದುಸಿರಿನಿಂದ ತುರ್ತು ಚಿಕಿತ್ಸಾ ಘಟಕ ಸೇರಬೇಕಾಗಬಹುದು. ಬರೀ ಮೆಟ್‌ಫಾರ್ಮಿನ್ ಮಾತ್ರ ನಡೆಯುತ್ತಿದ್ದರೆ ಸಕ್ಕರೆ ತೀರ ಇಳಿಯುವ ಭಯ ಕಡಿಮೆ. ರಕ್ತದೊತ್ತಡದ ಮಾತ್ರೆಗಳನ್ನೂ ತೂಕ ಇಳಿದಂತೆ ತಗ್ಗಿಸಬೇಕಾಗುವುದುಂಟು.

ಇದು ಕೀಟೋಗೆ ಮಾತ್ರ ಸೇರಿದ ಮಾತಲ್ಲ, ಕಟ್ಟುನಿಟ್ಟಿನ ಕ್ಯಾಲೊರಿ ಕಡಿತಕ್ಕೂ ಅನ್ವಯಿಸುತ್ತದೆ. ಬ್ರಿಟನ್ನಿನಲ್ಲಿ ಮೈಕ್ ಲೀನ್ ಮತ್ತು ರಾಯ್ ಟೇಲರ್ ನಡೆಸಿದ, 2017ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಮಧುಮೇಹಿಗಳಿಗೆ ಮೂರರಿಂದ ಐದು ತಿಂಗಳು ದಿನಕ್ಕೆ ಸುಮಾರು 825ರಿಂದ 853 ಕ್ಯಾಲೊರಿಯ ದ್ರವಾಹಾರ ಕೊಟ್ಟರು. ವರ್ಷದ ಕೊನೆಗೆ 46 ಶೇಕಡಾ ಮಂದಿ ಮಾತ್ರೆಯಿಲ್ಲದೆ ಮಧುಮೇಹದ ಮಿತಿಯಿಂದ ಹೊರಬಂದಿದ್ದರು. ಆ ದ್ರವಾಹಾರದ ಶಕ್ತಿಯಲ್ಲಿ ಅರ್ಧಕ್ಕೂ ಹೆಚ್ಚು ಪಾಲು ಕಾರ್ಬೋಹೈಡ್ರೇಟಿನದೇ ಆಗಿತ್ತು ಎಂಬುದನ್ನು ಗಮನಿಸಿ. ಆದರೆ ಅಲ್ಲಿ ಸಕ್ಕರೆಯ ಮತ್ತು ರಕ್ತದೊತ್ತಡದ ಮಾತ್ರೆಗಳನ್ನು ಮೊದಲ ದಿನವೇ ನಿಲ್ಲಿಸಿದ್ದರು, ಮೇಲ್ವಿಚಾರಣೆ ನಿರಂತರವಾಗಿತ್ತು. ಮನೆಯಲ್ಲಿ ಯಾರೂ ತಾವಾಗಿಯೇ ಇದನ್ನು ಮಾಡಬಾರದು. ಗರ್ಭಿಣಿಯರು, ಎದೆಹಾಲು ಕುಡಿಸುವವರು, ಮೂತ್ರಪಿಂಡದ ತೊಂದರೆಯಿರುವವರು ಎರಡೂ ದಾರಿಗಳಿಂದ ದೂರವಿದ್ದು, ಮೊದಲು ವೈದ್ಯರನ್ನು ಕೇಳಬೇಕು. ವಾರಕ್ಕೆ ಒಂದೂವರೆ ಕಿಲೋಗಿಂತ ವೇಗವಾಗಿ ತೂಕ ಇಳಿದರೆ ಪಿತ್ತಕೋಶದ ಕಲ್ಲಿನ ಸಂಭವ ಹೆಚ್ಚುತ್ತದೆ.


ತುಂಗಾತೀರ:

ಎಲ್ಲರ ಉತ್ತರಗಳನ್ನೂ ನಿಧಾನವಾಗಿ ಓದಿದೆ. ಯಜಮಾನರಿಗೆ ಗ್ಲಿಮೆಪಿರೈಡ್ ಇದೆ. ಮಾತ್ರೆಯ ಹೆಸರು ನೋಡಿ ಅದು ಬೆಳಿಗ್ಗೆಯದೋ ರಾತ್ರಿಯದೋ ಎಂಬುದನ್ನಷ್ಟೇ ಇದುವರೆಗೆ ಗಮನಿಸುತ್ತಿದ್ದೆವು, ಊಟಕ್ಕೂ ಅದಕ್ಕೂ ಇರುವ ನಂಟನ್ನು ಯಾರೂ ಹೀಗೆ ಬಿಡಿಸಿ ಹೇಳಿರಲಿಲ್ಲ. ನಾನು ಆಹಾರ ಪಾಠದವರು ಹೇಳಿದ ಮಧ್ಯದ ದಾರಿಯನ್ನು, ಡಯಟಿಷಿಯನ್ ಕೊಟ್ಟ 1400ರ ಮಿತಿಯೊಳಗೇ, ಹಿಡಿಯಬೇಕೆಂದಿದ್ದೇನೆ. ಸೋಯಾ ನಮ್ಮ ಮನೆಯಲ್ಲಿ ಯಾರಿಗೂ ರುಚಿಸುವುದಿಲ್ಲ, ಅದರ ಬದಲು ಏನು ಮಾಡಬಹುದು? ತಕ್ಕಡಿಯ ಮೇಲಿನ ನೀರಿನ ಏರಿಳಿತ ನಂಬುವಂತಿಲ್ಲ ಎಂದ ಮೇಲೆ ಯಾವುದನ್ನು ನೋಡಿ ಸರಿಯಾದ ದಾರಿಯಲ್ಲಿದ್ದೇನೆಂದು ತಿಳಿಯಲಿ?


ಆಹಾರ ಪಾಠ:

ಸೋಯಾದ ಬದಲು 50 ಗ್ರಾಂ ಹುರುಳಿಕಾಳು ಬಳಸಿ, ಪ್ರೋಟೀನ್ ಸುಮಾರು 11 ಗ್ರಾಂ ಬರುತ್ತದೆ. ಆದರೆ ಅದರ ಜೊತೆ ಹೆಚ್ಚುಕಡಿಮೆ 28 ಗ್ರಾಂ ಕಾರ್ಬೋಹೈಡ್ರೇಟೂ ಬರುವುದರಿಂದ ಆ ದಿನ ರಾಗಿ ಹಿಟ್ಟನ್ನು ಮೂವತ್ತು ಗ್ರಾಂ ಕಡಿಮೆ ಮಾಡಿಕೊಳ್ಳಬೇಕು. ಕಾಳುಗಳು ಅಕ್ಕಿಯಂತಲ್ಲ, ಪನೀರಿನಂತೆಯೂ ಅಲ್ಲ, ನಡುವಿನವು.

ತೂಕವನ್ನು ವಾರಕ್ಕೊಮ್ಮೆ, ಒಂದೇ ದಿನ, ಬೆಳಿಗ್ಗೆ ಶೌಚ ಮುಗಿಸಿ ಏನೂ ತಿನ್ನುವ ಮೊದಲು ನೋಡಿ. ಒಂದು ವಾರದ ಅಂಕಿಯನ್ನು ಹಿಂದಿನ ವಾರದೊಂದಿಗಲ್ಲ, ತಿಂಗಳ ಹಿಂದಿನದರೊಂದಿಗೆ ಹೋಲಿಸಿ. ಜೊತೆಗೆ ಸೊಂಟದ ಸುತ್ತಳತೆಯನ್ನು ಟೇಪಿನಲ್ಲಿ ಅಳೆಯಿರಿ, ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಯ ತುದಿಗೂ ನಡುವೆ, ಉಸಿರು ಬಿಟ್ಟು. ನಮ್ಮ ದೇಶದ ಹೆಂಗಸರಿಗೆ 80 ಸೆಂಟಿಮೀಟರ್, ಗಂಡಸರಿಗೆ 90 ಸೆಂಟಿಮೀಟರ್ ಎಂಬುದು ಎಚ್ಚರಿಕೆಯ ಗಡಿ. ತಕ್ಕಡಿ ನಿಂತಲ್ಲೇ ನಿಂತರೂ ಈ ಅಳತೆ ಇಳಿಯುತ್ತಿದ್ದರೆ ಕೊಬ್ಬು ಕರಗುತ್ತಿದೆ ಎಂದೇ ಅರ್ಥ. ಸಕ್ಕರೆ ಗಡಿಯಲ್ಲಿರುವುದರಿಂದ ಮೂರು ತಿಂಗಳಿಗೊಮ್ಮೆ, ಆ ಅವಧಿಯ ಸರಾಸರಿ ಸಕ್ಕರೆ ತಿಳಿಸುವ ಎಚ್‌ಬಿಎ1ಸಿ ಪರೀಕ್ಷೆ ಮಾಡಿಸಿ. ಬೆಣ್ಣೆ ತುಪ್ಪ ಹೆಚ್ಚಿಸಿಕೊಂಡಿರುವ ನಾದಿನಿಯವರಿಗೆ, ಕೆಟ್ಟ ಕೊಲೆಸ್ಟ್ರಾಲ್ ಎನ್ನುವ ಎಲ್‌ಡಿಎಲ್ ಕೊಲೆಸ್ಟ್ರಾಲ್ ನೋಡಿಸಿಕೊಳ್ಳಲು ಹೇಳಿ. ಕೆಲವರಲ್ಲಿ ಅದು ಗಮನಾರ್ಹವಾಗಿ ಏರುತ್ತದೆ.

ಐದಾರು ತಿಂಗಳ ನಂತರ ಇಳಿಕೆ ನಿಂತಂತೆ ಕಾಣುತ್ತದೆ, ಮೇಲೆ ಹೇಳಿದ ಅಧ್ಯಯನಗಳಲ್ಲೂ ಹೆಚ್ಚಿನ ಇಳಿಕೆ ಮೊದಲ ಆರು ತಿಂಗಳಲ್ಲೇ ಆದದ್ದು. ಹಗುರವಾದ ದೇಹಕ್ಕೆ ಬೇಕಾಗುವ ಶಕ್ತಿಯೂ ಕಡಿಮೆ, ಹಸಿವು ಮಾತ್ರ ಹೆಚ್ಚುತ್ತದೆ. ಆಗ ಪಟ್ಟಿಯನ್ನು ಇನ್ನಷ್ಟು ಬಿಗಿ ಮಾಡದೆ ಡಯಟಿಷಿಯನ್ ಬಳಿ ಮತ್ತೆ ಹೋಗಿ. 2009ರಲ್ಲಿ ಫ್ರಾಂಕ್ ಸ್ಯಾಕ್ಸ್ ಅವರ ತಂಡ 811 ಮಂದಿಗೆ ಕೊಬ್ಬು, ಪ್ರೋಟೀನ್, ಕಾರ್ಬೋಹೈಡ್ರೇಟ್‌ಗಳ ಪ್ರಮಾಣ ಬದಲಿಸಿದ ನಾಲ್ಕು ಬಗೆಯ ಊಟ ಕೊಟ್ಟು ಎರಡು ವರ್ಷ ನೋಡಿದಾಗ, ಊಟದ ಬಗೆಯಿಂದ ವ್ಯತ್ಯಾಸ ಕಾಣಲಿಲ್ಲ. ಸಲಹೆಯ ತರಗತಿಗಳಿಗೆ ತಪ್ಪದೆ ಬಂದವರಲ್ಲಿ ಇಳಿಕೆ ಹೆಚ್ಚಿತ್ತು.

ಯಜಮಾನರ ಮಾತ್ರೆಯ ಚೀಟಿಯನ್ನು ವೈದ್ಯರಿಗೆ ತೋರಿಸಿ, ಊಟ ಬದಲಾಗುತ್ತಿದೆ ಎಂದು ತಿಳಿಸಿದ ಮೇಲೆಯೇ ಅವರ ತಟ್ಟೆಯಲ್ಲಿ ಅನ್ನ ಕಡಿಮೆ ಮಾಡಿ. ತಮ್ಮ ತಟ್ಟೆಯಲ್ಲಿ ಇವತ್ತಿನ ರಾತ್ರಿ ಊಟದಿಂದಲೇ ಆರಂಭಿಸಬಹುದು.